ಟಗರು ಅಲ್ಲ ಸ್ವಾಮಿ, ದುನಿಯಾ!

ನೇರವಾಗಿ ವಿಷಯಕ್ಕೇ ಬರ್ತೀನಿ. ಸೂರಿಯ ಅತ್ಯುತ್ತಮ ಸಿನಿಮಾ ‘ದುನಿಯಾ’. ಎರಡನೆಯದು ‘ಕೆಂಡಸಂಪಿಗೆ’. ಮೂರನೆಯದು ‘ಕಡ್ಡಿಪುಡಿ’. ‘ಟಗರು’ ನಾಲ್ಕನೆಯದು. ಹೌದು ಸ್ವಾಮಿ, ನಾಲ್ಕನೆಯದು! ಇಷ್ಟು ಓದಿದ್ದಕ್ಕೇ ಕೆಲವರ ರಕ್ತ ಕುದಿಯೋಕೆ ಶುರುವಾಗಿರುತ್ತೆ ಅಂತ ಗೊತ್ತು. ಕುದೀಲಿ ಬಿಡಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಈ ಜಗಳ ಯಾಕೆ ಬಂತು ಅಂತ ಮೊದಲು ಹೇಳಿಬಿಡ್ತೀನಿ. ಸೂರತ್ತಿನ ಈ ಭಾಗದಲ್ಲಿರುವ ನಾವು ಒಂದಿಷ್ಟು ಕನ್ನಡದ ಮನೆಗಳು ನವೆಂಬರ್‌ನಲ್ಲಿ ಒಂದು ಭಾನುವಾರ ಸೇರ್ತೀವಿ. ಬಿಸಿಬೇಳೆಭಾತು, ಮಕ್ಕಳ ಹಾಡು, ಒಂದು ಕನ್ನಡ ಸಿನಿಮಾ. ಇಷ್ಟೇ ನಮ್ಮ ರಾಜ್ಯೋತ್ಸವ. ಈ ಸಲ ಹುಡುಗರು ‘ಸೂರಿ ಸಿನಿಮಾ ಹಾಕಿ’ ಅಂದ್ರು. ಅಲ್ಲಿಗೆ ಮೂರು ಪಕ್ಷ ಆಯ್ತು. ಹುಡುಗರದ್ದು ಟಗರು ಪಕ್ಷ. ನನ್ನ ವಯಸ್ಸಿನವರದ್ದು ‘ಮಚ್ಚು ಲಾಂಗು ಎಲ್ಲಾ ಬೇಡ, ಬಂಗಾರದ ಮನುಷ್ಯ ಹಾಕಿ’ ಅನ್ನೋ ಪಕ್ಷ. ಮೂರನೆಯ ಪಕ್ಷದಲ್ಲಿ ನಾನೊಬ್ಬನೇ. ಅಧ್ಯಕ್ಷನೂ ನಾನೇ, ಕಾರ್ಯಕರ್ತನೂ ನಾನೇ :-)

ಮೊದಲು ಲೆಕ್ಕ ನೋಡೋಣ, ಬ್ಯಾಂಕಿನವನಿಗೆ ಅದೇ ಚಟ. 2007ರಲ್ಲಿ ದುನಿಯಾ. 2008ರಲ್ಲಿ ಇಂತಿ ನಿನ್ನ ಪ್ರೀತಿಯ, 2009ರಲ್ಲಿ ಜಂಗ್ಲಿ, 2010ರಲ್ಲಿ ಜಾಕಿ, 2012ರಲ್ಲಿ ಅಣ್ಣಾ ಬಾಂಡ್, 2013ರಲ್ಲಿ ಕಡ್ಡಿಪುಡಿ, 2015ರಲ್ಲಿ ಕೆಂಡಸಂಪಿಗೆ, 2016ರಲ್ಲಿ ದೊಡ್ಮನೆ ಹುಡ್ಗ, 2018ರಲ್ಲಿ ಟಗರು, 2020ರಲ್ಲಿ ಪಾಪ್‌ಕಾರ್ನ್ ಮಂಕಿ ಟೈಗರ್, 2023ರಲ್ಲಿ ಬ್ಯಾಡ್ ಮ್ಯಾನರ್ಸ್. ಹನ್ನೊಂದು ಸಿನಿಮಾ. ಇದರಲ್ಲಿ ಅಪ್ಪು ಮಾಡಿದ ಮೂರು, ಶಿವಣ್ಣ ಮಾಡಿದ ಎರಡು. ದೊಡ್ಡ ಹೀರೋಗಳ ಜೊತೆ ಮಾಡಿದರೂ, ಹೊಸಬರ ಜೊತೆ ಮಾಡಿದರೂ ಒಂದು ಮಾತು ಮಾತ್ರ ಬದಲಾಗಲಿಲ್ಲ: ಸೂರಿ ಸಿನಿಮಾ ಅಂದ್ರೆ ರಕ್ತ, ಗಲ್ಲಿ, ಬೆವರು, ಬೈಗುಳ, ಮತ್ತು ಅದನ್ನೆಲ್ಲ ನೋಡೋ ಹಾಗೆ ತೋರಿಸೋ ಒಂದು ಕಣ್ಣು.

ಈಗ ಟಗರು ಪಕ್ಷದವರ ವಾದ. ಅದನ್ನ ನಾನು ಅರ್ಧಂಬರ್ಧ ಹೇಳಿ ಗೆಲ್ಲೋದಿಲ್ಲ, ಪೂರ್ತಿ ಹೇಳ್ತೀನಿ. ಒಂದು, ಕನ್ನಡದಲ್ಲಿ ಕಥೆಯನ್ನು ಹಿಂದುಮುಂದು ಮಾಡಿ, ತುಂಡು ತುಂಡಾಗಿ ಕತ್ತರಿಸಿ ಹೇಳಿಯೂ ಜನರನ್ನು ಥಿಯೇಟರಿಗೆ ಎಳೆದ ಸಿನಿಮಾ ಅದು. ಎರಡು, ಚರಣ್ ರಾಜ್ ಅವರ ಸಂಗೀತ. ಆಂಥೋನಿ ದಾಸನ್ ಹಾಡಿದ ಆ ಟೈಟಲ್ ಹಾಡು ಮದುವೆ ಮೆರವಣಿಗೆಯಿಂದ ಗಣಪತಿ ಮೆರವಣಿಗೆ ತನಕ ಎಲ್ಲ ಕಡೆ ಕುಣಿಸಿತು. ಮೂರು, ಹೆಸರುಗಳು. ಡಾಲಿ, ಚಿಟ್ಟೆ, ಕಾಕ್ರೋಚ್, ಕಾನ್‌ಸ್ಟೇಬಲ್ ಸರೋಜಾ... ಒಮ್ಮೆ ಕೇಳಿದರೆ ಮರೆಯೋ ಹೆಸರಾ ಇವು? ನಾಲ್ಕು, ಧನಂಜಯ. ಆ ಹುಡುಗನ ಕಣ್ಣು ನೋಡಿದವರು ಶಿವಣ್ಣನಂಥ ಶಿವಣ್ಣನನ್ನೂ ಎರಡು ನಿಮಿಷ ಮರೆತರು.

ಎಲ್ಲ ಒಪ್ಪಿದೆ. ನಾಲ್ಕಕ್ಕೂ ಸಹಿ ಹಾಕ್ತೀನಿ. ಆದರೆ ನಾಲ್ಕೂ ಅಂಶಗಳನ್ನು ಇನ್ನೊಮ್ಮೆ ಓದಿ ನೋಡಿ. ಕತ್ತರಿ, ಹಾಡು, ಹೆಸರು, ಕಣ್ಣು. ಇದರಲ್ಲಿ ‘ಯಾಕೆ’ ಅನ್ನೋದು ಎಲ್ಲಿದೆ ಸ್ವಾಮಿ? ಡಾಲಿ ಯಾಕೆ ಡಾಲಿ ಆದ? ಅವನು ಎಲ್ಲಿ ಹುಟ್ಟಿದ, ಏನು ತಿಂದ, ಯಾರು ಹೊಡೆದರು, ಯಾವ ದಿನ ಮೊದಲ ಸಲ ಕೈಯಲ್ಲಿ ಮಚ್ಚು ಹಿಡಿದ? ಇದು ಮನಸ್ಸಲ್ಲಿ ಉಳಿಯೋದಿಲ್ಲ. ಉಳಿಯೋದು ಅವನು ನಡೆದು ಬರೋ ಸ್ಟೈಲು. ಅತ್ತ ಎಸಿಪಿ ಶಿವ ಇದ್ದಾನೆ. ಪೊಲೀಸ್ ಅಧಿಕಾರಿ. ಅವನ ಕೈಯಲ್ಲಿ ಕಾನೂನಿನ ಪುಸ್ತಕ ಇಲ್ಲ, ಕೊಂಬಿದೆ. ಗುಮ್ಮೋದೇ ನ್ಯಾಯ. ರೌಡಿ ಹೊಡೆದರೂ ಶಿಳ್ಳೆ, ಪೊಲೀಸ್ ಹೊಡೆದರೂ ಶಿಳ್ಳೆ. ಎರಡಕ್ಕೂ ಒಂದೇ ಶಿಳ್ಳೆ ಬೀಳ್ತಾ ಇದೆ ಅಂದ್ರೆ ಶಿಳ್ಳೆ ಬೀಳ್ತಿರೋದು ಹೊಡೆತಕ್ಕೇ ಹೊರತು ಮನುಷ್ಯನಿಗಲ್ಲ ಅಂತ ಅರ್ಥ ಅಲ್ವಾ?

ಇನ್ನೊಂದು ತಮಾಷೆ ಗಮನಿಸಿ. ಕೊಲೆಗಡುಕ ಪಾತ್ರದ ಹೆಸರು ಧನಂಜಯ ಅವರಿಗೆ ಮುದ್ದಿನ ಹೆಸರಾಗಿ ಅಂಟಿಕೊಂಡಿತು. ‘ಡಾಲಿ ಧನಂಜಯ’. ನಟನ ಗೆಲುವು ಅದು, ಅವರಿಗೆ ಸಲ್ಲಬೇಕಾದ್ದೇ. ಆದರೆ ನಿರ್ದೇಶಕನ ಗೆಲುವಾ? ಯಾವನನ್ನ ನೋಡಿ ನಾವು ಹೆದರಬೇಕಿತ್ತೋ ಅವನನ್ನ ಮಕ್ಕಳು ಫ್ಯಾನ್ಸಿ ಡ್ರೆಸ್‌ನಲ್ಲಿ ಹಾಕ್ಕೊಂಡ್ರೆ, ಆ ಹೆದರಿಕೆ ಎಲ್ಲಿ ಸೋರಿ ಹೋಯ್ತು?

ಹೆಸರಿನ ಮಾತು ಬಂದಿದ್ದಕ್ಕೆ ನನ್ನ ಕಡೆಯ ಸಾಕ್ಷಿ ಕೂಡ ಹೇಳಿಬಿಡ್ತೀನಿ. ‘ದುನಿಯಾ’ ಒಂದು ಸಿನಿಮಾ ಎಷ್ಟು ಜನರಿಗೆ ಹೆಸರು ಕೊಟ್ಟಿತು ನೋಡಿ. ದುನಿಯಾ ವಿಜಯ್. ಲೂಸ್ ಮಾದ ಯೋಗಿ. ಮತ್ತೆ, ಎಲ್ಲಕ್ಕಿಂತ ಮುಖ್ಯವಾಗಿ, ದುನಿಯಾ ಸೂರಿ. ಟಗರು ಬಂದು ಎಷ್ಟು ವರ್ಷ ಆದರೂ ಯಾರೂ ಆತನನ್ನ ‘ಟಗರು ಸೂರಿ’ ಅಂತ ಕರೆಯಲಿಲ್ಲ. ‘ಅದು ಮೊದಲ ಸಿನಿಮಾ, ಅದಕ್ಕೇ ಅಂಟಿಕೊಂಡಿದೆ’ ಅಂತ ಒಬ್ಬ ಹುಡುಗ ಎದುರುತ್ತರ ಕೊಟ್ಟ. ಸರಿ ಮರಿ, ಗಾಂಧಿನಗರದಲ್ಲಿ ಎಷ್ಟೋ ನಿರ್ದೇಶಕರು ಮೊದಲ ಸಿನಿಮಾ ಮಾಡಿದ್ದಾರೆ. ಆ ಸಿನಿಮಾದ ಹೆಸರೇ ಮನೆತನದ ಹೆಸರಾಗಿದ್ದು ಎಷ್ಟು ಜನಕ್ಕೆ?

ಈಗ ದುನಿಯಾ ಬಗ್ಗೆ. 2006ರ ಡಿಸೆಂಬರ್ ಕೊನೆಗೆ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ಬಂತು. ಇಡೀ ಕರ್ನಾಟಕ ನೆನೆದು ತೊಪ್ಪೆ ಆಗಿತ್ತು. ಎರಡು ತಿಂಗಳೂ ಆಗಿರಲಿಲ್ಲ, 2007ರ ಫೆಬ್ರವರಿಯಲ್ಲಿ ಅದೇ ಭಟ್ಟರ ಗೆಳೆಯ ಸೂರಿ ಒಂದು ಒಣ ಕಲ್ಲುಕ್ವಾರಿ ತೋರಿಸಿದ. ಮಳೆ ಇಲ್ಲ, ಜೋಗ ಇಲ್ಲ, ಮೊಲ ಇಲ್ಲ. ನಾಯಕ ಚೆಂದ ಇಲ್ಲ. ಶಿವಲಿಂಗು ಅಂತ ಒಬ್ಬ ಕಲ್ಲು ಒಡೆಯೋ ಆಳು. ಅವನ ಅಮ್ಮ ಸಾಯ್ತಾಳೆ. ಅಮ್ಮನಿಗೆ ಒಂದು ಸಮಾಧಿ ಕಟ್ಟಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಮಾಡೋಕೆ ಬೆಂಗಳೂರಿಗೆ ಬರ್ತಾನೆ. ಇಷ್ಟೇ ಕಥೆ. ಉಳಿದದ್ದೆಲ್ಲ ಆ ‘ಬರ್ತಾನೆ’ಯಿಂದ ಆಗುವ ಅನಾಹುತ.

ಎಷ್ಟು ಸಣ್ಣ ಆಸೆ ನೋಡಿ ಅದು! ಬಂಗಲೆ ಅಲ್ಲ, ಕಾರಲ್ಲ, ಸೇಡೂ ಅಲ್ಲ. ನಾಲ್ಕು ಕಲ್ಲು, ಒಂದಿಷ್ಟು ಸಿಮೆಂಟು. ಬೆಳಗಿನಿಂದ ಸಂಜೆ ತನಕ ಊರಿಗೆಲ್ಲ ಕಲ್ಲು ಒಡೆದು ಕೊಟ್ಟವನಿಗೆ ತನ್ನ ಅಮ್ಮನ ಮೇಲೆ ಇಡೋಕೆ ಕಲ್ಲಿಲ್ಲ. ಈ ಒಂದು ವಿಷಯದಿಂದಲೇ ಆ ಸಿನಿಮಾದ ಪ್ರತಿಯೊಂದು ಏಟಿಗೂ ಒಂದು ತೂಕ ಬರುತ್ತೆ. ಅವನು ಮೊದಲ ಸಲ ಹೊಡೆದಾಗ ನಮಗೆ ಖುಷಿ ಆಗಲ್ಲ, ‘ಅಯ್ಯೋ, ಬೇಡ ಮಾರಾಯ, ವಾಪಸ್ ಹೋಗು’ ಅನ್ನಿಸುತ್ತೆ. ಹಿಂಸೆ ತೋರಿಸುವ ಸಿನಿಮಾಕ್ಕೆ ನನ್ನ ಅಳತೆಗೋಲು ಇದೊಂದೇ. ಏಟು ಬಿದ್ದಾಗ ನೋಡುವವನ ಬಾಯಲ್ಲಿ ಶಿಳ್ಳೆ ಬರುತ್ತಾ, ‘ಅಯ್ಯೋ’ ಬರುತ್ತಾ?

ಮೂರು ಅಮ್ಮಂದಿರನ್ನ ಅಕ್ಕಪಕ್ಕ ಇಟ್ಟು ನೋಡೋಣ. 2005ರಲ್ಲಿ ಪ್ರೇಮ್ ಅವರ ‘ಜೋಗಿ’ ಬಂತು. ಅಲ್ಲಿ ಹಳ್ಳಿಯ ಅಮ್ಮ ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬರ್ತಾಳೆ. ಅರುಂಧತಿ ನಾಗ್ ಆ ಅಮ್ಮ. ಕೊನೆಗೆ ಮಗ ಯಾರದೋ ಹೆಣ ಅಂದುಕೊಂಡು ಅಮ್ಮನ ಹೆಣದ ಮುಂದೆಯೇ ಕುಣಿತಾನೆ. ನೋಡಿದವರು ಬಿಕ್ಕಿ ಬಿಕ್ಕಿ ಅತ್ತರು, ನಾನೂ ಅತ್ತೆ. 2018ರಲ್ಲಿ ‘ಕೆಜಿಎಫ್’. ಅಲ್ಲಿ ಅಮ್ಮ ಸಾಯೋ ಮುಂಚೆ ಮಗನ ಹತ್ತಿರ, ಸಾಯೋವಾಗ ದೊಡ್ಡ ಶ್ರೀಮಂತನಾಗಿ ಸಾಯಬೇಕು ಅಂತ ಮಾತು ತಗೋತಾಳೆ. ಮಗ ಮುಂಬೈಗೆ ಹೋಗಿ, ಆಮೇಲೆ ಕೋಲಾರದ ಬಂಗಾರದ ಗಣಿಗೇ ಒಡೆಯ ಆಗ್ತಾನೆ. ಇವೆರಡರ ನಡುವೆ ಶಿವಲಿಂಗುವಿನ ಅಮ್ಮ. ಅವಳು ಏನೂ ಕೇಳಲಿಲ್ಲ. ಮಗ ತಾನಾಗಿ ಒಂದು ಸಮಾಧಿ ಕಟ್ಟೋಕೆ ಹೊರಟ, ಅಷ್ಟೇ.

ಕೆಜಿಎಫ್ ಬಗ್ಗೆ ನನಗೆ ದ್ವೇಷ ಇಲ್ಲ. ಸೂರತ್ತಿನಲ್ಲಿ ಅದರಿಂದ ನಮಗೆ ಒಂದು ಗುರುತು ಸಿಕ್ಕಿತು ಅನ್ನೋದೂ ನಿಜ. ಈ ಊರಿಗೆ ಬಂದು ಮೂವತ್ತು ವರ್ಷ ಆಯ್ತು. ಅಷ್ಟು ಕಾಲ ಇಲ್ಲಿಯವರಿಗೆ ನಾನು ‘ಮದ್ರಾಸಿ’. 2018ರ ಡಿಸೆಂಬರ್ ಆದ ಮೇಲೆ, ಅದರಲ್ಲೂ 2022ರಲ್ಲಿ ಎರಡನೇ ಭಾಗ ಬಂದ ಮೇಲೆ, ‘ಅಚ್ಛಾ, ರಾಕಿ ಭಾಯ್ ವಾಲಾ ಕನ್ನಡ?’ ಅಂತ ಕೇಳೋಕೆ ಶುರು ಮಾಡಿದ್ರು. ಸಂತೋಷ. ಆದರೆ ನಮ್ಮ ಮಕ್ಕಳು ಕೂಡ ಕನ್ನಡ ಸಿನಿಮಾವನ್ನ ಹಿಂದಿಯಲ್ಲಿ ನೋಡಿ, ಕನ್ನಡ ಅಂದ್ರೆ ಕಪ್ಪು ಧೂಳು, ಬಂಗಾರ ಮತ್ತು ಬಂದೂಕು ಅಂದುಕೊಂಡ್ರೆ? ನಮ್ಮಲ್ಲಿ ಬಂಗಾರದ ಗಣಿಗೆ ಒಡೆಯ ಆದವರು ಎಷ್ಟು ಜನ? ಅಮ್ಮನ ಸಮಾಧಿಗೆ ಕಲ್ಲು ಹುಡುಕಿದವರು ಎಷ್ಟು ಜನ?

ಇಲ್ಲಿ ನನ್ನ ಮನೆಯ ವಿಷಯ ಒಂದೇ ಒಂದು ಹೇಳ್ತೀನಿ, ಕ್ಷಮಿಸಿ. 1999ರಲ್ಲಿ ಅಪ್ಪ ತೀರಿಕೊಂಡಾಗ ಪಕ್ಕದ ಮನೆಯ ಫೋನಿಗೆ ರಾತ್ರಿ ಸುದ್ದಿ ಬಂತು. ಸೂರತ್‌ನಿಂದ ಮುಂಬೈ, ಮುಂಬೈಯಿಂದ ಬಸ್ಸು, ಹುಬ್ಬಳ್ಳಿಯಲ್ಲಿ ಇಳಿದು ಗದಗ, ಗದಗದಿಂದ ನಮ್ಮ ಹಳ್ಳಿ. ನಾನು ಮುಟ್ಟೋ ಹೊತ್ತಿಗೆ ಮಣ್ಣು ಆಗಿ ಹೋಗಿತ್ತು. ಹಸಿ ಮಣ್ಣಿನ ಗುಡ್ಡೆ ಮುಂದೆ ನಿಂತು ಬಂದೆ. ಊರು ಬಿಟ್ಟವರ ಮನೆಯಲ್ಲಿ ಈ ಕಥೆ ಇಲ್ಲದವರು ಕಡಿಮೆ. ಇಲ್ಲಿರುವ ಕನ್ನಡದವರನ್ನೇ ಕೇಳಿ ನೋಡಿ, ಅಪ್ಪನೋ ಅಮ್ಮನೋ ಹೋದಾಗ ಸಮಯಕ್ಕೆ ಮುಟ್ಟಿದವರು ಎಷ್ಟು ಜನ ಅಂತ. ದುನಿಯಾದ ಮೊದಲ ಭಾಗ ನೋಡುವಾಗ ನನಗೆ ಪಿಕ್ಚರ್ ಅನ್ನಿಸಲಿಲ್ಲ. ‘ಬರೀ ರೌಡಿ ಸಿನಿಮಾ’ ಅಂತ ಅದನ್ನ ತಳ್ಳಿ ಹಾಕೋರನ್ನ ಕಂಡ್ರೆ ಅದಕ್ಕೇ ಸಿಟ್ಟು ಬರೋದು.

ಸರಿ, ಕಣ್ಣೀರು ಸಾಕು, ವಾದಕ್ಕೆ ವಾಪಸ್ ಬರೋಣ.

ನಾನಿರೋದು ವರಾಛಾ. ಗೊತ್ತಿಲ್ಲದವರಿಗೆ ಹೇಳ್ತೀನಿ, ಇದು ವಜ್ರಕ್ಕೆ ಸಾಣೆ ಹಿಡಿಯುವ ಪ್ರದೇಶ. ಅಮ್ರೇಲಿ, ಭಾವನಗರ ಕಡೆಯಿಂದ ಬಂದ ಸೌರಾಷ್ಟ್ರದ ಜನ ಇಲ್ಲಿ ತುಂಬಿದ್ದಾರೆ. ಅಂದ್ರೆ ಈ ಊರಲ್ಲಿ ಅವರೂ ವಲಸಿಗರೇ. ‘ಘಂಟಿ’ ಅಂತ ಕರೆಯೋ ಸಾಣೆಯ ಸುತ್ತ ಕೂತು ಒಂದೊಂದು ಕಲ್ಲಿಗೆ ಇಷ್ಟು ಅಂತ ಕೂಲಿಗೆ ಕೆಲಸ ಮಾಡ್ತಾರೆ. ಮಿನಿ ಬಜಾರ್‌ಗೆ ಹೋದ್ರೆ ಸ್ಕೂಟರ್ ಸೀಟಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿ ಲಕ್ಷಾಂತರದ ವಜ್ರದ ವ್ಯಾಪಾರ ಮಾಡೋರು ಕಾಣ್ತಾರೆ. ಇಲ್ಲಿ ಸಣ್ಣ ಹುಡುಗನಿಗೂ ಒಂದು ವಿಷಯ ಗೊತ್ತು. ಕಚ್ಚಾ ಕಲ್ಲಿಗೆ ಸಾಣೆ ಹಿಡಿದಷ್ಟೂ ಹೊಳಪು ಜಾಸ್ತಿ, ತೂಕ ಕಡಿಮೆ. ದುಂಡು ವಜ್ರ ಮಾಡೋ ಹೊತ್ತಿಗೆ ಎಷ್ಟೋ ಸಲ ಅರ್ಧಕ್ಕಿಂತ ಹೆಚ್ಚು ತೂಕ ಪುಡಿಯಾಗಿ ಹೋಗಿರುತ್ತೆ. ಒಳ್ಳೆಯ ಕಾರಿಗರ ಅಂದ್ರೆ ಹೆಚ್ಚು ಹೊಳಪು ಬರಿಸೋನಲ್ಲ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರೋನು.

ಸೂರಿಯ ಹನ್ನೊಂದು ಸಿನಿಮಾ ನನಗೆ ಕಾಣೋದು ಹೀಗೆ. ದುನಿಯಾ ಕಚ್ಚಾ ಕಲ್ಲು. ಒರಟು, ಅಲ್ಲಲ್ಲಿ ಕಲೆ, ಕೆಲವು ಕಡೆ ಹಾಸ್ಯ ಎಳೆದಿದೆ, ಹಾಡು ಬಂದು ಕಥೆಗೆ ಅಡ್ಡ ನಿಲ್ಲುತ್ತೆ. ಆದರೆ ಕೈಯಲ್ಲಿ ಹಿಡಿದರೆ ಭಾರ. ಕಡ್ಡಿಪುಡಿ, ಕೆಂಡಸಂಪಿಗೆ ಹೊತ್ತಿಗೆ ಹೊಳಪೂ ಇದೆ, ತೂಕವೂ ಇದೆ. ಟಗರು ಪೂರ್ತಿ ಹೊಳಪು. ಪಾಪ್‌ಕಾರ್ನ್ ಮಂಕಿ ಟೈಗರ್ ಹೊತ್ತಿಗೆ ಕಥೆಯನ್ನು ಎಷ್ಟು ಚೂರು ಮಾಡಿದ್ದಾರೆ ಅಂದ್ರೆ, ಯಾರು ಯಾರನ್ನು ಯಾವಾಗ ಹೊಡೆದರು ಅಂತ ಜೋಡಿಸೋದೇ ನೋಡುಗನ ಕೆಲಸ. ಈಗ ಸೂರತ್ತಿನಲ್ಲಿ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಬಂದಿದೆ. ಅದೇ ಇಂಗಾಲ, ಅದೇ ಹೊಳಪು, ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ವಾಪಸ್ ಮಾರೋಕೆ ಹೋದಾಗ ಗೊತ್ತಾಗುತ್ತೆ! ಪಾಪ್‌ಕಾರ್ನ್ ನನಗೆ ಆ ಥರ. ನೋಡುವಾಗ ಹೊಳೆಯಿತು. ಮಾರನೇ ದಿನ ಲೆಕ್ಕ ಹಾಕಿದರೆ ಕೈಯಲ್ಲಿ ಏನೂ ಉಳಿದಿರಲಿಲ್ಲ.

‘ಹಾಗಾದ್ರೆ ನಿಮಗೆ ಸ್ಟೈಲೇ ಬೇಡವಾ ಅಂಕಲ್?’ ಅಂತ ಕೇಳ್ತಾರೆ. ಬೇಕಪ್ಪಾ. 1995ರ ‘ಓಂ’ ನೋಡಿ ಬೆಳೆದವನು ನಾನು. ಉಪೇಂದ್ರ ಆ ಸಿನಿಮಾದಲ್ಲಿ ನಿಜವಾದ ರೌಡಿಗಳನ್ನೇ ತಂದು ಕ್ಯಾಮೆರಾ ಮುಂದೆ ನಿಲ್ಲಿಸಿದರು. ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆ ಆಯ್ತು ಅಂತ ಹೇಳ್ತಾರೆ. ಪುರೋಹಿತರ ಮನೆಯ ಹುಡುಗ ಮಚ್ಚು ಹಿಡಿಯೋದು ಯಾಕೆ ಅಂತ ಆ ಸಿನಿಮಾ ಕೇಳಿತು. ಕಥೆಯನ್ನ ಹಿಂದುಮುಂದು ಮಾಡಿಯೇ ಕೇಳಿತು. ಸ್ಟೈಲ್ ಇತ್ತು, ಪ್ರಶ್ನೆಯೂ ಇತ್ತು. ಹೊರಗಿನ ಉದಾಹರಣೆ ಬೇಕಾದ್ರೆ ಅಮೆರಿಕದ ಟರಾಂಟಿನೊ ಇದ್ದಾನೆ. ರಕ್ತ ಮತ್ತು ಸ್ಟೈಲು ಅಂದ್ರೆ ಎಲ್ಲರೂ ಹೇಳೋ ಹೆಸರು. 1994ರ ‘ಪಲ್ಪ್ ಫಿಕ್ಷನ್’ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆದರೆ 1997ರ ‘ಜಾಕಿ ಬ್ರೌನ್’ ನೋಡಿ. ನಡುವಯಸ್ಸಿನ, ಸಂಬಳ ಸಾಲದ ಒಬ್ಬ ವಿಮಾನದ ಪರಿಚಾರಕಿ ಮತ್ತು ಅವಳಿಗೆ ಜಾಮೀನು ಕೊಡಿಸೋ ಒಬ್ಬ ವಯಸ್ಸಾದ ಮನುಷ್ಯನ ಕಥೆ. ಅವನ ಸಿನಿಮಾಗಳಲ್ಲಿ ಗದ್ದಲ ಕಡಿಮೆ ಇರೋದು ಅದರಲ್ಲೇ, ಮನುಷ್ಯರು ಜಾಸ್ತಿ ಇರೋದೂ ಅದರಲ್ಲೇ. ಹುಡುಗರು ಅದನ್ನ ಪಟ್ಟಿಯ ಕೆಳಗೆ ಹಾಕ್ತಾರೆ. ವಯಸ್ಸಾಗ್ತಾ ಆಗ್ತಾ ಅದು ಮೇಲಕ್ಕೆ ಬರುತ್ತೆ, ನೋಡ್ತಾ ಇರಿ!

ಸೂರಿಯ ಮಟ್ಟಿಗೆ ಆ ಜಾಗದಲ್ಲಿ ಇರೋದು ಕೆಂಡಸಂಪಿಗೆ. ಸುರೇಂದ್ರನಾಥ್ ಅವರ ಕಥೆ. ಸಂತೋಷ್, ಮಾನ್ವಿತಾ ಇಬ್ಬರೂ ಹೊಸಬರು. ಶ್ರೀಮಂತರ ಮನೆ ಹುಡುಗಿ, ಬಡ ಹುಡುಗ, ಬೆನ್ನ ಹಿಂದೆ ಪೊಲೀಸರು. ಇದರಲ್ಲಿ ನಾಯಕ ಹತ್ತು ಜನರನ್ನ ಎತ್ತಿ ಎಸೆಯೋದಿಲ್ಲ. ಓಡ್ತಾನೆ. ಹೆದರ್ತಾನೆ. ಕೈಯಲ್ಲಿ ಬಂದೂಕು ಬಂದರೆ ಕೈ ನಡುಗುತ್ತೆ. ಹಿಂಸೆ ಅಂದ್ರೆ ಬಡವನ ಪಾಲಿಗೆ ಹೊಡೆಯೋದಲ್ಲ, ಹೊಡೆಸಿಕೊಳ್ಳೋ ಭಯ ಅಂತ ಹೇಳಿದ ಸಿನಿಮಾ ಅದು. ಇಷ್ಟು ಕಡಿಮೆ ಗದ್ದಲದಲ್ಲಿ ಇಷ್ಟು ಎದೆ ಹೊಡೆದುಕೊಳ್ಳೋ ಹಾಗೆ ಮಾಡಿದ್ದು ಸೂರಿಯ ನಿಜವಾದ ಕಸುಬು. ಅದರ ಇನ್ನೊಂದು ಭಾಗ ‘ಕಾಗೆ ಬಂಗಾರ’ ಅಂತ ಹೆಸರೂ ಹೇಳಿದ್ದರು, ಬರಲೇ ಇಲ್ಲ. ಟಗರು ಗೆದ್ದಿದ್ದಕ್ಕೆ ಎಲ್ಲರೂ ಪಟಾಕಿ ಹೊಡೆದರು. ಕಾಗೆ ಬಂಗಾರ ಬರಲಿಲ್ಲ ಅಂತ ಯಾರಾದರೂ ಅತ್ತರಾ?

ಇನ್ನು ಕಡ್ಡಿಪುಡಿ. ಇದನ್ನ ಬ್ಯಾಂಕಿನವನಾಗಿ ಹೇಳಬೇಕು. ಆನಂದ ಒಬ್ಬ ಹಳೆಯ ರೌಡಿ. ಬಿಟ್ಟು ಮರ್ಯಾದೆಯಿಂದ ಬದುಕಬೇಕು ಅಂತಾನೆ. ಹೆಸರು ಬಿಡೋದಿಲ್ಲ. ಠಾಣೆಯ ರೌಡಿ ಪಟ್ಟಿಯಲ್ಲಿ ಒಮ್ಮೆ ಹೆಸರು ಸೇರಿದರೆ ಅದರಿಂದ ಹೊರಗೆ ಬರೋದು ಎಷ್ಟು ಕಷ್ಟ ಅಂತ ಅಷ್ಟು ತಾಳ್ಮೆಯಿಂದ ತೋರಿಸಿದ ಕನ್ನಡ ಸಿನಿಮಾ ನಾನು ಇನ್ನೊಂದು ನೋಡಿಲ್ಲ. ನಮ್ಮಲ್ಲೂ ಹಾಗೇ. ಸಾಲ ತಪ್ಪಿ, ಆಮೇಲೆ ಕೈಕಾಲು ಹಿಡಿದು ಒಂದಿಷ್ಟು ಕಟ್ಟಿ ಮುಗಿಸಿದವನ ಹೆಸರಿನ ಮುಂದೆ ಸಿಬಿಲ್‌ನಲ್ಲಿ ‘ಸೆಟಲ್ಡ್’ ಅಂತ ಒಂದು ಪದ ವರ್ಷಗಟ್ಟಲೆ ಕೂತಿರುತ್ತೆ. 2008ರಲ್ಲಿ ಅಮೆರಿಕದ ಮಾರುಕಟ್ಟೆ ಬಿದ್ದು ಇಲ್ಲಿಯ ವಜ್ರದ ಕಾರ್ಖಾನೆಗಳು ಬಾಗಿಲು ಹಾಕಿದಾಗ ಎಷ್ಟೋ ಕೆಲಸಗಾರರು ಕಂತು ತಪ್ಪಿಸಿ ಊರಿಗೆ ಹೋದರು. ವಾಪಸ್ ಬಂದು, ಮತ್ತೆ ದುಡಿದು, ಮಗಳ ಓದಿಗೆ ಸಾಲ ಕೇಳೋಕೆ ಬಂದರೆ ಕಂಪ್ಯೂಟರ್ ಬೇಡ ಅನ್ನುತ್ತೆ. ಮೇಜಿನ ಈಚೆ ಕೂತು ಅದನ್ನ ಓದಿ ಹೇಳಬೇಕಾದವನು ನಾನು. ಆ ಹೊತ್ತಲ್ಲಿ ಎದುರಿಗಿದ್ದವನ ಮುಖವನ್ನ ಶಿವಣ್ಣ ಕಡ್ಡಿಪುಡಿಯಲ್ಲಿ ತೋರಿಸಿದ್ದಾರೆ. ಕೊಂಬಿಲ್ಲದ ಶಿವಣ್ಣ. ಟಗರಿಗಿಂತ ಆ ಶಿವಣ್ಣ ದೊಡ್ಡವನು.

ಈಗ ಬಂಗಾರದ ಮನುಷ್ಯ ಪಕ್ಷಕ್ಕೆ ಎರಡು ಮಾತು. ಹಿರಿಯರೇ, ಅಣ್ಣಾವ್ರ ಮೇಲೆ ನಿಮಗಿರುವ ಭಕ್ತಿ ನನಗೂ ಇದೆ. 1972ರ ಆ ಸಿನಿಮಾ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ಬೇಸಾಯ ಮಾಡಿದವರಿದ್ದಾರೆ ಅಂತ ಹೇಳ್ತಾರಲ್ಲ, ಸಂತೋಷ. ಆದರೆ ನಾವು? ವರ್ಷ ವರ್ಷ ನವೆಂಬರ್‌ನಲ್ಲಿ ಅದನ್ನೇ ಹಾಕಿ, ರಾಜೀವಪ್ಪ ಊರಿಗೆ ದುಡಿಯೋದನ್ನ ನೋಡಿ ಕಣ್ಣೊರೆಸಿಕೊಂಡು, ಸೋಮವಾರ ಬೆಳಗ್ಗೆ ಡ್ಯೂಟಿಗೆ ಹೋಗ್ತೀವಿ. ಒಬ್ಬರಾದರೂ ವಾಪಸ್ ಹೋದ್ರಾ? ಹೊಲ ಮಾರಿ ಇಲ್ಲಿ ಫ್ಲಾಟ್ ತಗೊಂಡವರೇ ಹೆಚ್ಚು. ಬಂಗಾರದ ಮನುಷ್ಯ ನಾವು ಆಗಬೇಕಿತ್ತು ಅಂದುಕೊಂಡವನ ಕಥೆ. ದುನಿಯಾ ನಾವು ಆದದ್ದರ ಕಥೆ. ಊರು ಬಿಟ್ಟವನ ಕಥೆ. ನಮಗೆ ನೌಕರಿ ಇತ್ತು, ಡಿಗ್ರಿ ಇತ್ತು, ಶಿವಲಿಂಗುವಿಗೆ ಎರಡೂ ಇರಲಿಲ್ಲ. ವ್ಯತ್ಯಾಸ ಅಷ್ಟೇ. ಒಂದು ಬಿಕಾಂ ಸರ್ಟಿಫಿಕೇಟು.

‘ಫ್ಯಾಮಿಲಿ ಕೂತು ನೋಡೋ ಪಿಕ್ಚರ್ ಅಲ್ಲ’ ಅಂತೀರಿ. ನಮ್ಮ ಫ್ಯಾಮಿಲಿ ಬಾಲ್ಕನಿಯಿಂದ ಏನು ನೋಡುತ್ತೆ ಅಂತ ಸ್ವಲ್ಪ ಯೋಚಿಸಿ. ಇದೇ ಸೂರತ್ತಿನಲ್ಲಿ ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದ ಮಗ್ಗದ ಕೆಲಸಗಾರರು ಹನ್ನೆರಡು ಗಂಟೆ ಪಾಳಿ ಮಾಡ್ತಾರೆ. ಒಂದೇ ಕೋಣೆ, ಒಂದೇ ಚಾಪೆ. ಹಗಲು ಪಾಳಿಯವನು ಎದ್ದರೆ ರಾತ್ರಿ ಪಾಳಿಯವನು ಮಲಗೋದು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಆದಾಗ, ಇದೇ ವರಾಛಾದಲ್ಲಿ ಕೂಲಿ ಜನ ರಸ್ತೆಗೆ ಬಂದು ಕೂತರು. ಅವರು ಕೇಳಿದ್ದು ಒಂದೇ, ನಮ್ಮನ್ನ ಊರಿಗೆ ಕಳಿಸಿ. ಅದಾದ ಮೇಲೆ ವಜ್ರದ ವ್ಯಾಪಾರ ಮತ್ತೆ ಕುಸಿದು, ಕೂಲಿ ಇಳಿದು, ಕೆಲಸಗಾರರ ಆತ್ಮಹತ್ಯೆಯ ಸುದ್ದಿ ಪೇಪರಿನಲ್ಲಿ ಬಂತು. ಆ ಪೇಪರನ್ನ ಫ್ಯಾಮಿಲಿ ಜೊತೆ ಕೂತೇ ಓದಿದೆವಲ್ಲ, ಯಾರೂ ‘ಇದು ಫ್ಯಾಮಿಲಿ ಪೇಪರ್ ಅಲ್ಲ’ ಅನ್ನಲಿಲ್ಲವಲ್ಲ?

ಕೊನೆಗೆ ಒಂದು ಆಕ್ಷೇಪಣೆ ಉಳಿದಿದೆ, ಅದು ಗಟ್ಟಿ ಆಕ್ಷೇಪಣೆ. ‘ದುನಿಯಾ ನೋಡಿಯೂ ಜನ ಶಿಳ್ಳೆ ಹೊಡೆದರಲ್ಲ? ಅದರಿಂದಲೇ ಮಚ್ಚಿನ ಸಿನಿಮಾಗಳು ಸಾಲುಗಟ್ಟಿ ಬಂದವಲ್ಲ?’ ನಿಜ. ಲೂಸ್ ಮಾದನಿಗೆ ಬಿದ್ದ ಶಿಳ್ಳೆ ನನಗೂ ಕೇಳಿಸಿದೆ. ಆದರೆ ಮಚ್ಚಿನ ಸಾಲು ದುನಿಯಾಕ್ಕಿಂತ ಮೊದಲೇ ಶುರುವಾಗಿತ್ತು, ಓಂ ಇತ್ತು, ಜೋಗಿ ಇತ್ತು. ಮತ್ತೆ ನಾನು ಹೇಳ್ತಿರೋದು ದುನಿಯಾದಲ್ಲಿ ಶಿಳ್ಳೆ ಬೀಳಲಿಲ್ಲ ಅಂತಲ್ಲ. ಶಿಳ್ಳೆ ಹೊಡೆದವನು ಹೊರಗೆ ಬರೋವಾಗ ತಲೆ ತಗ್ಗಿಸಿಕೊಂಡು ಬಂದ. ದುರಂತದಲ್ಲಿ ಮುಗಿಯುವ ಆ ಸಿನಿಮಾ ಯಾವ ಹೊಡೆದಾಟಕ್ಕೂ ಬಹುಮಾನ ಕೊಡೋದಿಲ್ಲ. ಟಗರು ನೋಡಿದವನು ಹೊರಗೆ ಬರೋವಾಗ ಕುಣಿದುಕೊಂಡು ಬಂದ. ವ್ಯತ್ಯಾಸ ಇರೋದು ಬಾಗಿಲ ಹತ್ತಿರ. ಅಲ್ಲಿ ನಿಂತು ನೋಡಬೇಕು.

ಅದಕ್ಕೇ ನಮ್ಮ ಕೂಟದವರಿಗೆ ನನ್ನ ವಿನಂತಿ ಇಷ್ಟು. ಈ ನವೆಂಬರ್ ದುನಿಯಾ ಹಾಕಿ. ಪುಟ್ಟ ಮಕ್ಕಳನ್ನ ಬೇರೆ ಕೋಣೆಯಲ್ಲಿ ಆಟಕ್ಕೆ ಬಿಡಿ, ಹದಿನೈದು ದಾಟಿದವರು ಕೂರಲಿ. ಹಿಂದಿ ಡಬ್ಬಿಂಗ್ ಬೇಡ. ಅರ್ಥ ಆಗದ ಬೈಗುಳ ಬಂದರೆ ಪಕ್ಕದಲ್ಲಿರೋ ಅಪ್ಪನನ್ನ ಕೇಳಲಿ, ಅಪ್ಪಂದಿರು ಹೇಗೆ ತಪ್ಪಿಸಿಕೊಳ್ತಾರೋ ನೋಡೋಣ :-) ಮತ್ತೆ ಒಂದು ವಿಷಯ. ಸ್ಟೇಷನ್ ಕಡೆಯ ಹೋಟೆಲುಗಳಲ್ಲಿ ದೋಸೆ ಹುಯ್ಯೋ, ತಟ್ಟೆ ತೊಳೆಯೋ ನಮ್ಮ ಕಡೆಯ ಹುಡುಗರಿದ್ದಾರೆ. ಇಷ್ಟು ವರ್ಷ ಅವರ ಹತ್ತಿರ ಬಿಸಿಬೇಳೆಭಾತಿಗೆ ಆರ್ಡರ್ ಕೊಟ್ಟಿದ್ದೀವಿ, ಬಂದು ಕೂತು ಊಟ ಮಾಡಿ ಅಂತ ಒಮ್ಮೆಯೂ ಕರೆದಿಲ್ಲ. ಈ ಸಲ ಕರೆಯೋಣ. ಮುಂದಿನ ಸಾಲಿನಲ್ಲಿ ಕೂರಿಸೋಣ. ಟಗರು ಹಾಕಿದರೆ ಅವರು ಖುಷಿಯಾಗಿ ಕುಣಿದು ಹೋಗ್ತಾರೆ, ಅದೂ ತಪ್ಪಲ್ಲ. ದುನಿಯಾ ಹಾಕಿದರೆ ಪಿಕ್ಚರ್ ಮುಗಿದ ಮೇಲೆ ಅವರಲ್ಲಿ ಒಬ್ಬನಾದರೂ ಮಾತಾಡ್ತಾನೆ. ನಾವು ಕೇಳಿಸಿಕೊಳ್ಳಬೇಕಾದ ಮಾತು.

ಟಗರು ಅಭಿಮಾನಿಗಳೇ, ನಿಮ್ಮ ಸರದಿ. ಒಂದೇ ಷರತ್ತು: ಡಾಲಿಯ ಸ್ಟೈಲ್ ಬಗ್ಗೆ ಹೇಳಬೇಡಿ, ಅದು ನನಗೂ ಗೊತ್ತು. ಟಗರಿನಲ್ಲಿ ನಿಮ್ಮ ಹೊಟ್ಟೆ ಹಿಂಡಿದ ಒಂದೇ ಒಂದು ಸಾವು ಹೇಳಿ. ಹೇಳಿದವರಿಗೆ ಮಿನಿ ಬಜಾರ್ ಹತ್ತಿರ ಒಂದು ತಟ್ಟೆ ಲೋಚೋ, ಮೇಲೊಂದು ಚಹಾ, ನನ್ನ ಖರ್ಚಿನಲ್ಲಿ. ಏನಂತೀರಿ?